ಓಟ್ಟೋ ಅಂಗಡಿಯ ಬೋರ್ಡಿನ ಬೆನ್ನು

ಗ್ಲೆನಿಸ್: ಕತ್ತರಿಸ್ಬೇಡ ಅಂದೆ! ಮೊದ್ಲು ಆ ಗರಗಸ ಆಫ್ ಮಾಡು!

ಮರ್ವ್: ಮಾಡಲ್ಲ. ಓಟ್ಟೋ ಕಣ್ಣಿಗೆ ಬೀಳೋದ್ರೊಳಗೆ ಇದು ಚೂರುಚೂರಾಗ್ಬೇಕು.

ಗ್ಲೆನಿಸ್: ಏನಾಗಿದೆ ಅದಕ್ಕೆ? ಬೆಳಿಗ್ಗೆ ಮುದ್ದು ಮಾಡ್ತಾ ಇದ್ದೆ, ಈಗ ಕೊಲ್ತೀನಿ ಅಂತೀಯ.

ಮರ್ವ್: ನಕ್ಷೆ ಕಾಗದಾನ ಉಲ್ಟಾ ಅಂಟಿಸಿ ತೂತು ಹೊಡೆದುಬಿಟ್ಟಿದೀನಿ ಕಣೇ. ಕನ್ನಡೀಲಿ ನೋಡಿದ ಹಾಗೆ ಎಡದ್ದೆಲ್ಲ ಬಲಕ್ಕೆ ಹೋಗಿದೆ. ಇಷ್ಟು ವರ್ಷ ಕೆಲ್ಸ ಮಾಡಿ ಕಲ್ತಿದ್ದು ಇದೇ ನೋಡು!

ಜರ್ಮನರು ಬಂದು ನೆಲೆಸಿದ್ದ ಬರೋಸಾ ಕಣಿವೆಯ ಟನುಂಡಾದಲ್ಲಿ, ದ್ರಾಕ್ಷಿ ತೋಟಗಳ ಪಕ್ಕದ ಶೆಡ್ಡಿನಲ್ಲಿ ಮರ್ವ್ ಲಿಂಡ್ನರ್ ಅಂಗಡಿ ಬೋರ್ಡುಗಳಿಗೆ ಬೆನ್ನು ಮಾಡಿಕೊಡುತ್ತಿದ್ದ. ದೀಪದ ಇಂಗ್ಲಿಷ್ ಅಕ್ಷರಗಳು ಬೇರೆಡೆಯಿಂದ ಬರುತ್ತಿದ್ದವು. ಅವನ್ನು ಹೊತ್ತು ನಿಲ್ಲುವ ಅಲ್ಯೂಮಿನಿಯಂ ತಗಡನ್ನು ಅಳೆದು, ಅಂಚು ಮಡಿಸಿ, ಅಕ್ಷರ ಕೂರಿಸಲು ತೂತು ಹೊಡೆಯುವುದು ಅವನ ಕೆಲಸ. ಈ ತಗಡು ಕಟುಕ ಓಟ್ಟೋನದು. ರಿಪೇರಿಗೆಂದು ಮುಚ್ಚಿದ್ದ ಅವನ ಅಂಗಡಿ ಇಂದು ಸಂಜೆ ಮತ್ತೆ ತೆರೆಯಲಿತ್ತು. ಮಧ್ಯಾಹ್ನಕ್ಕೆ ಕ್ರೇನಿನ ಲಾರಿಗೂ ಹೇಳಿಯಾಗಿತ್ತು.

ಗ್ಲೆನಿಸ್: ಅಷ್ಟೇ ತಾನೆ? ಮಗುಚಿ ಹಾಕು, ಸರಿಹೋಗುತ್ತೆ.

ಮರ್ವ್: ನಾಕೂ ಕಡೆ ಅಂಚು ಮಡಿಸಿದೀನಿ. ಮಗುಚಿದ್ರೆ ಅದು ಬೋರ್ಡಲ್ಲ, ಕೇಕ್ ಬೇಯಿಸೋ ತಟ್ಟೆ.

ಗ್ಲೆನಿಸ್: ಹಾಗಾದ್ರೆ ಓಟ್ಟೋಗೆ ಇದ್ದದ್ದು ಇದ್ದ ಹಾಗೆ ಹೇಳು.

ಮರ್ವ್: ಏನಂತ? "ಅಯ್ಯಾ, ನಿನ್ನ ಹೆಸ್ರು ಓದ್ಬೇಕಾದ್ರೆ ಜನ ಕನ್ನಡಿ ಹಿಡ್ಕೊಂಡು ಬರ್ಬೇಕು" ಅಂತಲಾ? ಅದಕ್ಕಿಂತ ತಗಡು ಲಾರಿಯಿಂದ ಬಿದ್ದು ಹಾಳಾಯ್ತು ಅಂದ್ರೆ ಮರ್ಯಾದೆ ಉಳಿಯುತ್ತೆ.

ಗ್ಲೆನಿಸ್: ಲಾರಿನೇ ಇನ್ನೂ ಬಂದಿಲ್ವಲ್ಲೋ!

ಮರ್ವ್: ಬರುತ್ತಲ್ಲ, ಆಮೇಲೆ ಬೀಳಿಸಿದ್ರಾಯ್ತು.

ಎಂದವನೇ ಗರಗಸವನ್ನು ತಗಡಿನ ನಟ್ಟನಡುವೆ ಇಟ್ಟು ಒತ್ತಿದ. ಅವನ ಹೆಂಡತಿ ಗ್ಲೆನಿಸ್ ಕಿವಿ ಮುಚ್ಚಿಕೊಂಡಳು. ಸದ್ದು ನಿಂತಾಗ ತಗಡು ಎರಡಾಗಿತ್ತು, ಬಾಗಿಲಲ್ಲಿ ಮೆಟ್‌ವುರ್ಸ್ಟ್ ಸಾಸೇಜಿನ ಪೊಟ್ಟಣ ಹಿಡಿದು ಓಟ್ಟೋ ನಿಂತಿದ್ದ. ಲಾರಿಯ ಕಥೆ ಮರ್ವ್‌ನ ಗಂಟಲಲ್ಲೇ ಸತ್ತಿತು.

ಮರ್ವ್: ಓಟ್ಟೋ... ಒಂದು ಅನಾಹುತ ಆಗಿಹೋಯ್ತು.

ಓಟ್ಟೋ: ಅಯ್ಯೋ, ಯಾರಿಗೆ?

ಮರ್ವ್: ನಿನಗೇ. ನಿನ್ನ ಎರಡು ತುಂಡು ಮಾಡಿಬಿಟ್ಟೆ.

ಓಟ್ಟೋ: ತುಂಡು ಮಾಡೋದು ನನ್ನ ಕಸುಬಲ್ವೇನಯ್ಯಾ? ನೀನು ಯಾವಾಗಿಂದ ಶುರು ಮಾಡ್ದೆ?

ಗ್ಲೆನಿಸ್: ನಿನ್ನ ಬೋರ್ಡಿನ ತಗಡು, ಓಟ್ಟೋ. ಹಿಂದುಮುಂದಾಗಿದೆಯಂತೆ. ನಾಚಿಕೆಗೆ ಕುಯ್ದುಹಾಕ್ದ.

ಓಟ್ಟೋ: ಹಿಂದುಮುಂದು ಅಂದ್ರೆ?

ಮರ್ವ್: ಬಲಗಡೆ ಇರ್ಬೇಕಾದ ಅಕ್ಷರ ಎಡಕ್ಕೆ ಬಂದಿದೆ ಮಾರಾಯ. ನಾನೊಬ್ಬ ಶುದ್ಧ ದಡ್ಡ.

ಓಟ್ಟೋ: ಬಲಗಡೆ ಯಾವ್ದಿತ್ತು?

ಮರ್ವ್: ಓ.

ಓಟ್ಟೋ: ಎಡಗಡೆ?

ಮರ್ವ್: ಓ.

ಓಟ್ಟೋ: ಅದರ ಪಕ್ಕ?

ಮರ್ವ್: ಟಿ. ಅದಾದ್ಮೇಲೆ ಇನ್ನೊಂದು... ಟಿ.

ಅಕ್ಷರಗಳು ಇನ್ನೂ ಪೆಟ್ಟಿಗೆಯಲ್ಲೇ ಇದ್ದವು. ಬೆಳಗಿನಿಂದ ಮರ್ವ್ ನೋಡಿದ್ದು ಬರೀ ತೂತುಗಳನ್ನು.

ಮರ್ವ್: ಆದ್ರೂ... ಒಂದೊಂದು ಅಕ್ಷರಾನೂ ತಿರುಗಿ ನಿಲ್ಲುತ್ತಲ್ಲ?

ಓಟ್ಟೋ: ಓ ತಿರುಗಿದ್ರೆ ಏನಾಗುತ್ತೆ?

ಮರ್ವ್: ಓ.

ಓಟ್ಟೋ: ಟಿ?

ಮರ್ವ್: ಸಾಕು ಬಿಡು ಓಟ್ಟೋ, ಹೊಟ್ಟೆ ಉರಿಯುತ್ತೆ.

ಗ್ಲೆನಿಸ್ ಪೆಟ್ಟಿಗೆಯ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಗ್ಲೆನಿಸ್: ತಪ್ಪು ಮಾಡಿದ್ದೂ ಸರಿಯಾಗೇ ಇತ್ತು. ಸರಿ ಮಾಡಕ್ಕೆ ಹೋದ್ಯಲ್ಲ, ಅದೇ ತಪ್ಪು!

ಓಟ್ಟೋ: ನಗೋದು ಆಮೇಲೆ. ಸಂಜೆಗೆ ಪಾದ್ರಿಯಿಂದ ಹಿಡಿದು ಊರೆಲ್ಲ ಬರುತ್ತೆ. ಬರೀ ಗೋಡೆ ತೋರಿಸ್ಲಾ?

ಹೊಸ ತಗಡು ತರಿಸಲು ಹೊತ್ತಿರಲಿಲ್ಲ. ಎರಡು ತುಂಡುಗಳನ್ನೂ ಮರ್ವ್ ಪಕ್ಕಪಕ್ಕ ಇಟ್ಟು, ಹಿಂದಿನಿಂದ ಮೇಲೊಂದು ಕೆಳಗೊಂದು ಪಟ್ಟಿ ಕೊಟ್ಟು ರಿವೆಟ್ ಹೊಡೆದ. ಅಷ್ಟರಲ್ಲಿ ಕ್ರೇನಿನವನು ಹಾರ್ನ್ ಬಾರಿಸತೊಡಗಿದ್ದರಿಂದ ನಡುವಿನ ಸಂದಿಗೆ ಪಟ್ಟಿ ಹೊಡೆಯುವುದು ಹಾಗೇ ಉಳಿಯಿತು. ಗೋಡೆಗೂ ಬೆಳಕು ಬೀಳಲಿ ಎಂಬ ಓಟ್ಟೋನ ಆಸೆಯಂತೆ ತಗಡಿನ ಹಿಂದೆ ಸಾಲಾಗಿ ದೀಪ ಕಟ್ಟಿ, ಬೋರ್ಡನ್ನು ಮೇಲೇರಿಸಿದರು.

ಸಂಜೆ ಓಟ್ಟೋ ಸ್ವಿಚ್ ಒತ್ತಿದ. ಓ ಹೊತ್ತಿತು, ಟಿ ಹೊತ್ತಿತು. ಎರಡು ಟಿಗಳ ನಡುವಿನ ಸಂದಿನಿಂದ ಬೆಳಕು ನುಗ್ಗಿ, ಅಲ್ಲೊಂದು ಸೊಗಸಾದ ಐ ಎದ್ದು ನಿಂತಿತು. ಓಟಿಟೋ.

ಗುಂಪಿನಲ್ಲಿ ಯಾರೋ ಕೂಗಿದರು: "ಏನಯ್ಯಾ, ಅಂಗಡೀನ ಇಟಲಿಯವರಿಗೆ ಮಾರಿಬಿಟ್ಯಾ?"

ತಾತ ಮುತ್ತಾತನ ಕಾಲದಿಂದ ಜರ್ಮನ್ ಸಾಸೇಜನ್ನೇ ಮಾಡಿಕೊಂಡು ಬಂದ ಮನೆತನ ಓಟ್ಟೋನದು. ಅವನು ಮುಖ ಕೆಂಪಗೆ ಮಾಡಿಕೊಂಡು ಒಳಗೆ ಹೋದ. ಮರ್ವ್ ತಲೆ ತಗ್ಗಿಸಿ ಏಣಿ ಹುಡುಕಿ ತಂದು ಗೋಡೆಗೆ ಒರಗಿಸಿದ. ಎರಡು ಮೆಟ್ಟಿಲು ಹತ್ತುವುದರೊಳಗೆ ಓಟ್ಟೋ ಓಡಿಬಂದು ಅವನ ಪ್ಯಾಂಟು ಹಿಡಿದೆಳೆದ.

ಓಟ್ಟೋ: ಇಳಿಯೋ ಕೆಳಗೆ! ಅದನ್ನ ಮುಟ್ಟಿದ್ರೆ ನೋಡು!

ಮರ್ವ್: ಸಂದು ಮುಚ್ತೀನಿ ಮಾರಾಯ, ಒಂದೇ ನಿಮಿಷ.

ಓಟ್ಟೋ: ಬೇಡ ಅಂದೆ! ಬಂದವರೆಲ್ಲ ಇಟಲಿಯವರ ಸಲಾಮಿ ಸಾಸೇಜು ಕೇಳ್ತಾ ಇದಾರೆ.

ಮರ್ವ್: ನೀನು ಸಲಾಮಿ ಮಾಡೋದೇ ಇಲ್ವಲ್ಲೋ!

ಓಟ್ಟೋ: ನಮ್ಮ ಮೆಟ್‌ವುರ್ಸ್ಟನ್ನೇ ತೆಳ್ಳಗೆ ಕೊಯ್ದು ಕೊಟ್ಟೆ. ಈ ಇಟಲಿಯವರ ಕೈಗುಣನೇ ಬೇರೆ ಅಂದ್ಕೊಂಡು ತಿಂತಾ ಇದಾರೆ!

ಮರ್ವ್ ಏಣಿಯಿಂದಿಳಿದು ರಸ್ತೆಯಾಚೆ ಗ್ಲೆನಿಸ್ ಪಕ್ಕ ಹೋಗಿ ನಿಂತ. ಜನ ಬೋರ್ಡಿನ ಕೆಳಗೆ ನಿಂತು, ಕತ್ತೆತ್ತಿ ಆ ಬೆಳಕಿನ ಗೆರೆಯನ್ನೇ ತೋರಿಸಿಕೊಂಡು ಮಾತಾಡುತ್ತಿದ್ದರು.

ಗ್ಲೆನಿಸ್: ನೋಡೋ, ಊರಿಗೂರೇ ನಿಂತು ನಿನ್ನ ಕೆಲ್ಸ ನೋಡ್ತಾ ಇದೆ.

ಮರ್ವ್: ನಾನು ಮಾಡಿದ ಕೆಲ್ಸ ಅಲ್ಲ ಕಣೇ. ಮಾಡ್ದೇ ಬಿಟ್ಟಿದ್ದು.