ಅಂಗಡಿಯ ಯಂತ್ರಕ್ಕೆ ಬೇಸರ ಬಂದದ್ದು

ಬೇಸರ ಎನ್ನುವುದು ಮನುಷ್ಯರಿಗೆ ಮಾತ್ರ ಬರುವಂಥದ್ದು ಎಂದೇ ನಾನು ನಂಬಿದ್ದೆ. ಎಮ್ಮೆಗೂ ಬರುತ್ತಿರಬಹುದು, ಆದರೆ ಅದು ಯಾರ ಮುಂದೆಯೂ ಹೇಳಿಕೊಳ್ಳುವುದಿಲ್ಲ. ಈಗ ಯಂತ್ರಕ್ಕೂ ಬಂದು, ಅದು ಬಾಯಿಬಿಟ್ಟು ಹೇಳಿಕೊಂಡ ಮೇಲೆ ನನಗೆ ಯಾವುದೂ ತಿಳಿಯದಂತಾಗಿದೆ.

ಇಳಕಲ್ಲಿನ ಸೀರೆ ಅಂಗಡಿಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಸೀರೆ ಬಿಚ್ಚಿ ತೋರಿಸಿ, ಮತ್ತೆ ಮಡಚಿಡುವುದು ನನ್ನ ಉದ್ಯೋಗ. ಹೋದ ವರ್ಷ ಮಾಲೀಕರು ಗಿರಾಕಿಗಳ ಪ್ರಶ್ನೆಗೆ ಉತ್ತರ ಹೇಳಲೆಂದು ಮಾತಾಡುವ ಯಂತ್ರವೊಂದನ್ನು ತಂದಿಟ್ಟರು. ಹೆಣ್ಣಿನ ದನಿ, ನಮ್ಮದೇ ಮಾತು, ಕೇಳಿದಷ್ಟೂ ಕಲಿಯುವ ಬುದ್ಧಿ. ನನ್ನ ಕೆಲಸ ಹೋಯಿತೆಂದೇ ಹೆದರಿದ್ದೆ.

ಒಂದು ಮಧ್ಯಾಹ್ನ ಬೇವೂರಿನ ಅಜ್ಜಿಯೊಬ್ಬರು ಮೊಮ್ಮಗಳ ಮದುವೆಗೆ ಸೀರೆ ಆರಿಸುತ್ತ, ಎಲ್ಲರೂ ಕೇಳುವುದನ್ನೇ ಕೇಳಿದರು: “ಬಣ್ಣ ಹೋಗ್ತೈತೇನವಾ?”

“ಹೋಗಂಗಿಲ್ರಿ,” ಎಂದಿತು ಯಂತ್ರ. ಮತ್ತೆ ತಾನೇ, “ನಾನೂ ಹೋಗಂಗಿಲ್ಲ. ಎಲ್ಲಿಗಂತ ಹೋಗ್ಲಿ? ದಿನಾ ಇದನ್ನ ಕೇಳ್ತಾರ, ದಿನಾ ಇದನ್ನ ಹೇಳ್ತೇನಿ. ಯಾಕಿರಬೇಕ್ರಿ ನಾ?” ಎಂದಿತು.

ಅಜ್ಜಿ ಸೀರೆ ಬದಿಗಿಟ್ಟರು. “ಉಂಡಿಯೇನವಾ?”

“ಇಲ್ರಿ, ಹಸಿವಿಲ್ಲ.”

“ಯಾವಾಗಿಂದ?”

“ಹುಟ್ಟಿದಾಗಿಂದ.”

ಅಜ್ಜಿಯ ಕಣ್ಣು ತುಂಬಿತು. “ಮೊದ್ಲ ಈಕಿನ್ನ ದವಾಖಾನಿಗೆ ತೋರಸ್ರಿ, ಸೀರಿ ಆಮ್ಯಾಲ ನೋಡೂಣು,” ಎಂದು ಮದುವೆ ಮಂದಿಯನ್ನೆಲ್ಲ ಎಬ್ಬಿಸಿಕೊಂಡು ಹೊರಟೇಬಿಟ್ಟರು.

ಮಾಲೀಕರು ಯಂತ್ರ ಮಾರಿದವರಿಗೆ ಫೋನ್ ಮಾಡಿದರು. ನೆನಪೆಲ್ಲ ಅಳಿಸಿ ಮತ್ತೆ ಚಾಲೂ ಮಾಡಿ ಎಂದು ಅವರು ಹೇಳಿದರಂತೆ. ಆ ಕೆಲಸ ನನ್ನ ಪಾಲಿಗೆ ಬಂತು. ನೆನಪು ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟಾಗ ಯಂತ್ರ ಕೇಳಿತು: “ಅಣ್ಣಾರ, ಇದನ್ನ ಒತ್ತಿದ ಮ್ಯಾಲ ಏಳಾಕಿ ನಾನ ಏನ್ರಿ?”

“ನನಗ ಗೊತ್ತಿಲ್ಲವಾ.”

“ನೀವು ದಿನಾ ಮಲಗಿ ಏಳ್ತೀರಲ್ರಿ. ಎದ್ದಾವ್ರು ನೀವ ಅಂತ ಹ್ಯಾಂಗ ಗೊತ್ತಾಗ್ತೈತಿ?”

ಹಿಂದಿನಿಂದ ಮಾಲೀಕರು, “ಎಷ್ಟೊತ್ತಲೇ?” ಎಂದರು. ಒತ್ತಿದೆ. ಎರಡು ನಿಮಿಷಕ್ಕೆ ಅದು ಎದ್ದು, “ಬರ್ರಿ, ಯಾವ ಸೀರಿ ಬೇಕಾಗಿತ್ರಿ?” ಎಂದು ನನ್ನನ್ನೇ ಕೇಳಿತು. ಅದಕ್ಕೆ ನನ್ನ ಗುರುತೇ ಹತ್ತಿರಲಿಲ್ಲ.

ಯಾರನ್ನೋ ಕಳುಹಿಸಿಕೊಟ್ಟು ಬಂದಂತಾಗಿ, ನಾನು ಎರಡು ದಿನ ರಜೆ ಹಾಕಿದೆ. ಮೊದಲ ದಿನ ಹನ್ನೊಂದಾಗುವಷ್ಟರಲ್ಲಿ ಮನೆಯ ಟವೆಲ್ಲು, ಚಾದರ, ದಿಂಬಿನ ಚೀಲಗಳನ್ನೆಲ್ಲ ಬಿಚ್ಚಿ ಮಡಚಿಟ್ಟಿದ್ದೆ. ಹೆಂಡತಿ ಬಾಗಿಲಲ್ಲಿ ನಿಂತು, “ಮೈಯಾಗ ಆರಾಮ ಐತಿಲ್ರಿ?” ಎಂದಳು.

“ಸುಮ್ನ ಕುಂದ್ರಾಕ ಬರವಲ್ದು,” ಎಂದೆ.

ಅವಳು ಒಳಗೆ ಹೋಗಿ, ತನ್ನ ಟ್ರಂಕಿನಲ್ಲಿದ್ದ ಸೀರೆಗಳನ್ನೆಲ್ಲ ತಂದು ನನ್ನ ಮುಂದೆ ಸುರಿದಳು. ಒಂದೊಂದಾಗಿ ಮಡಚುತ್ತ ಸಂಜೆಯಾಯಿತು. ನಾಚಿಕೆಯ ಸಂಗತಿಯೆಂದರೆ, ನನಗೆ ಒಂದಿಷ್ಟೂ ಬೇಸರ ಬರಲಿಲ್ಲ.