ಸುಟ್ಟ ಐಸಿ, ಬದುಕಿದ ಅಜ್ಜಿ

ಹೊನ್ನಾವರದ ನಮ್ಮ ಸೋದರಮಾವನಿಗೆ ದೇವರು ಮೂಗು ಕೊಟ್ಟಿದ್ದು ಉಸಿರಾಡಲಿಕ್ಕಲ್ಲ, ರಿಪೇರಿಗೆ! ಬೋಟಿನ ಇಂಜಿನ್ ಸರಿಮಾಡಿಕೊಂಡಿದ್ದವರು ಈಗ ಮನೆಯಲ್ಲಿ ಕೂತು ಸಿಕ್ಕಿದ್ದನ್ನೆಲ್ಲ ಬಿಚ್ಚುತ್ತಾರೆ; ಮೂಸಿ ನೋಡಿಯೇ ಸುಟ್ಟದ್ದು ಯಾವುದು ಎಂದು ಹೇಳಿಬಿಡುತ್ತಾರೆ. ಹಿಂದೊಮ್ಮೆ ಊಟಕ್ಕೆ ಕೂತವರು ಬಂಗಡೆ ಸಾರು ಮೂಸಿ, "ಪಾತ್ರೆ ಎಡಬದಿ ತಳ ಹಿಡದದೆ" ಎಂದರು. ಅತ್ತೆ ಅಂದಿನಿಂದ ಅವರನ್ನು ಅಡುಗೆಮನೆಗೆ ಬಿಟ್ಟಿಲ್ಲ.

ಇಂಥವರ ಟಿವಿಯೇ ಮೂಕವಾಗಬೇಕೇ! ಗುಡುಗು ಬಂದಾಗ ಊರೆಲ್ಲ ಪ್ಲಗ್ ಕಿತ್ತರೂ ಮಾವ ಕೀಳಲಿಲ್ಲ. "ನಾನೇ ಕಟ್ಟಿದ ಸ್ಟೆಬಿಲೈಜರ್ ಅದೆ, ಎಂತ ಆಗೂದಿಲ್ಲ." ಪಾಪ, ಸಿಡಿಲಿಗೆ ಇದು ಗೊತ್ತಿರಲಿಲ್ಲ. ಚಿತ್ರ ಉಳಿಯಿತು, ದನಿ ಹೋಯಿತು. ಬೇರೆಯವರಾದರೆ ಅರ್ಧ ಟಿವಿಯಾದರೂ ಉಳಿಯಿತಲ್ಲ ಎನ್ನುತ್ತಿದ್ದರು. ಆದರೆ ಸಕ್ಕರೆ ಕಾಯಿಲೆಯಿಂದ ಅತ್ತೆಯ ಕಣ್ಣು ಹೋಗಿದೆ; ಅವರು ಟಿವಿಯನ್ನು ಕೇಳುವವರು. ಅದೂ ಎಂಥ ಹೊತ್ತಿನಲ್ಲಿ! ಸಂಜೆಯ ಧಾರಾವಾಹಿಯಲ್ಲಿ ಅತ್ತೆಯ ಅಚ್ಚುಮೆಚ್ಚಿನ ಅಜ್ಜಿ ಆಸ್ಪತ್ರೆ ಸೇರಿದ್ದರು. "ಅಜ್ಜಿ ಉಳೀತದ್ಯಾ?" ಇದೊಂದೇ ಅತ್ತೆಯ ಚಿಂತೆ.

ಮಾವ ಬೋರ್ಡು ಮೂಸಿ, "ದನಿಯ ಐಸಿ ಸುಟ್ಟದೆ, ಈ ಸಣ್ಣ ಚಿಪ್" ಎಂದರು. ಕುಮಟೆಯ ಅಂಗಡಿಯವ ಇಡೀ ಬೋರ್ಡೇ ಬದಲಿಸಿ ಎಂದ. "ಹಲ್ಲು ನೋವಂದ್ರೆ ತಲೆ ಬದಲಿಸ್ತ್ಯಾ?" ಎಂದು ಜಗಳವಾಡಿ ಬಂದರು.

ಐಸಿ ಸಿಗುವ ತನಕ ಸಂಜೆಗೆ ಏನು ಗತಿ? ಧಾರಾವಾಹಿ ಎಂದರೆ ಉರಿದುಬೀಳುತ್ತಿದ್ದ ಮಾವ ಅತ್ತೆಯ ಪಕ್ಕ ಕೂತು, ಮೂಕ ಚಿತ್ರ ನೋಡುತ್ತ, ಎಲ್ಲರ ಮಾತನ್ನೂ ತಾವೇ ಆಡತೊಡಗಿದರು. ಸೊಸೆಗೆ ಕೀರಲು ದನಿ, ವಕೀಲನಿಗೆ ಬೋಟಿನ ಇಂಜಿನ್ ದನಿ! ಒಂದು ಸಂಜೆ ನೋಡುತ್ತೇನೆ, ಪರದೆಯ ಮೇಲೆ ಅಜ್ಜಿಯ ಫೋಟೋಕ್ಕೆ ಹಾರ! ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ನನ್ನ ತೊಡೆ ಚಿವುಟಿ, "ಅಜ್ಜಿ ಎದ್ದು ಕೂತ್ತು! ಗಂಜಿ ಬೇಕಂತೆ" ಎಂದರು.

"ಉಪ್ಪಿನಕಾಯಿ ಕೊಟ್ರಾ?" ಎಂದರು ಅತ್ತೆ. ಅವರ ಮುಖ ಅಷ್ಟು ಅರಳಿದ್ದನ್ನು ನೋಡಿ ಬಹಳ ಕಾಲವಾಗಿತ್ತು.

ಮರುದಿನ ನನ್ನನ್ನೂ ಎಳೆದುಕೊಂಡು ಭಟ್ಕಳದ ಬಸ್ಸು ಹತ್ತಿದರು. ಕಾಸರಕೋಡಿನಲ್ಲಿ ಹತ್ತಿದ ಮೀನು ಮಾರುವ ಹೆಂಗಸು, "ಎಲ್ಲಿಗೆ ಹೊರಟ್ರಿ?" ಎಂದಳು.

"ಐಸಿ ಸುಟ್ಟೋಯ್ತು, ಹುಡುಕೂಕೆ."

"ಐಸಾ? ಐಸು ಕರಗೂದು ದಿನಾ ಕಾಣ್ತೆ ಮಾರಾಯ್ರೆ, ಸುಡೂದು ಇದೇ ಮೊದ್ಲು ಕೇಳೂದು!"

ಬಸ್ಸೆಲ್ಲ ನಕ್ಕಿತು. ಮಾವ ಮಾತ್ರ ಐಸಿ ಅಂದರೇನು ಎಂದು ಭಟ್ಕಳದವರೆಗೂ ವಿವರಿಸಿದರು. ಅವಳು ಮಂಕಿಯಲ್ಲೇ ಇಳಿದುಹೋಗಿದ್ದಳು!

ಭಟ್ಕಳದ ಹಳೆಯ ರಿಪೇರಿ ಅಂಗಡಿಯೊಂದರ ಸತ್ತ ಬೋರ್ಡುಗಳ ರಾಶಿಯಲ್ಲಿ ಐಸಿ ಸಿಕ್ಕಿತು. ಉಗುರಿನಷ್ಟು ವಸ್ತು. ಸಿಕ್ಕಿದ ಮೇಲೆ ಮಾವನ ಉತ್ಸಾಹ ಎಲ್ಲಿ ಹೋಯಿತೋ! ಒಂದು ದಿನ ಬೆಳಕು ಸಾಲದು, ಇನ್ನೊಂದು ದಿನ ಬೆಸುಗೆ ಕಡ್ಡಿ ಕಾಯದು. ಅಷ್ಟರಲ್ಲಿ ಅವರ ಬಾಯಲ್ಲಿ ಅಜ್ಜಿ ಪೂರ್ತಿ ಗುಣವಾಗಿ, ಹರಕೆ ತೀರಿಸಲು ಯಾಣದ ಬಸ್ಸನ್ನೂ ಹತ್ತಿಬಿಟ್ಟರು.

"ಎಂತ, ಮುಹೂರ್ತ ನೋಡ್ತ್ರ್ಯಾ?" ಎಂದು ಅತ್ತೆ ಗದರಿದ ಮೇಲೆ ಬೇರೆ ದಾರಿ ಇರಲಿಲ್ಲ. ಹಳೆಯ ಐಸಿಯ ಒಂದೊಂದೇ ಕಾಲಿನ ಬೆಸುಗೆ ಕರಗಿಸಿ ಕಿತ್ತರು, ಹೊಸದನ್ನು ಉಸಿರು ಬಿಗಿಹಿಡಿದು ಕೂರಿಸಿದರು. ಧಾರಾವಾಹಿಯ ಹೊತ್ತಿಗೆ ಟಿವಿ ಹಾಕಿದರು.

ದನಿ ಬಂತು. ಬಂದದ್ದೇ ಅಳು! "ಅಜ್ಜಿ ತೀರಿಕೊಂಡ ಮೇಲೆ ಈ ಮನೆಗೆ ದಿಕ್ಕೇ ಇಲ್ಲ" ಎಂದು ಸೊಸೆ ಗೋಳಾಡುತ್ತಿದ್ದಳು.

ಮಾವ ತಲೆ ತಗ್ಗಿಸಿ ನಿಂತರು. ಅತ್ತೆ ತಡಕಾಡಿ ಮಾವನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು.

"ಆ ಸೌಂಡ್ ಬಂದ್ ಮಾಡಿ. ನಿಮ್ಮ ಅಜ್ಜಿ ನಿನ್ನೆ ಯಾಣದ ಬಸ್ಸು ಹತ್ತಿತ್ತಲ್ಲ, ಅಲ್ಲಿಂದ ಹೇಳಿ."

ಎರಡು ಊರು ಅಲೆದು ತಂದ ದನಿಯನ್ನು ಮಾವ ಒಂದು ಗುಂಡಿ ಒತ್ತಿ ನಿಲ್ಲಿಸಿದರು. ನನಗೆ ಅಳು ಬಂತು. ಮಾವ ಗಂಟಲು ಸರಿಮಾಡಿಕೊಂಡು ಶುರುಮಾಡಿದರು:

"ಅಜ್ಜಿಗೆ ಕಿಟಕಿ ಬದಿ ಸೀಟು ಸಿಕ್ತು."