ನನ್ನ ಪೆನ್ನು, ಅವಳ ಓಟು

ನಮ್ಮ ದೇಶ ಯುರೋಪಿನ ಒಕ್ಕೂಟದಿಂದ ಹೊರಬಿದ್ದದ್ದಕ್ಕೆ ದೊಡ್ಡ ದೊಡ್ಡವರು ದೊಡ್ಡ ದೊಡ್ಡ ಕಾರಣ ಕೊಡುತ್ತಾರೆ. ನನ್ನ ಪ್ರಕಾರ ಕಾರಣ ಒಂದೇ: ನನ್ನ ಹೆಂಡತಿ ಮ್ಯೂರಿಯಲ್. (ಅವಳು ಪಕ್ಕದ ಕೋಣೆಯಲ್ಲಿ ಇಸ್ತ್ರಿ ಮಾಡುತ್ತಿದ್ದಾಳೆ. ದಯವಿಟ್ಟು ಮನಸ್ಸಿನಲ್ಲೇ ಓದಿಕೊಳ್ಳಿ.)

ನಾನು ನಾರ್ಮನ್ ಪಿಕರ್ಸ್‌ಗಿಲ್. ಇಂಗ್ಲೆಂಡಿನ ಗ್ರಿಮ್ಸ್‌ಬಿ ಬಂದರಿನಲ್ಲಿ ಮೂವತ್ತೆಂಟು ವರ್ಷ ಮೀನಿನ ಪೆಟ್ಟಿಗೆಗೆ ಐಸು ತುಂಬಿ ನಿವೃತ್ತನಾದವನು. ಒಕ್ಕೂಟ ನಮ್ಮ ಮೀನು ನುಂಗಿತು, ಬಂದರು ನುಂಗಿತು, ಇನ್ನು ಮಾನ ಒಂದು ಉಳಿದಿದೆ ಎಂದು ಕ್ಲಬ್ಬಿನಲ್ಲಿ ಮೇಜು ಗುದ್ದಿ ಗುದ್ದಿ ‘ಹೊರನಡೆ ಬಳಗ’ದ ಅಧ್ಯಕ್ಷ ಪದವಿಯನ್ನು ಅಲಂಕರಿಸಿದೆ. ಒಕ್ಕೂಟದ ಒಳಗಿರಬೇಕೋ ಹೊರಬೀಳಬೇಕೋ ಎಂದು ಒಂದು ಗುರುವಾರ ದೇಶವೆಲ್ಲ ಓಟು ಹಾಕುವುದೆಂದು ಗೊತ್ತಾಗಿತ್ತು. ಮತಗಟ್ಟೆಯಲ್ಲಿ ದಾರ ಕಟ್ಟಿಟ್ಟ ಪೆನ್ಸಿಲ್ಲಿನಿಂದ ಗುರುತು ಹಾಕಿದರೆ ಯಾರೋ ರಾತ್ರೋರಾತ್ರಿ ಉಜ್ಜಿ ಅಳಿಸುತ್ತಾರೆಂದು ಗುಲ್ಲೆದ್ದಿತ್ತು. ಕೂಡಲೇ ಇನ್ನೂರು ಪೆನ್ನು ತರಿಸಿ ಊರಿಗೆಲ್ಲ ಹಂಚಿದೆ. ಒಂದು ಹಿಡಿ ನಮ್ಮ ಅಡುಗೆಮನೆಯ ಡ್ರಾಯರಿನಲ್ಲೂ ಉಳಿಯಿತು.

ಇಷ್ಟಾದರೂ ನನಗೊಂದು ಕನಸಿತ್ತು. ಸ್ಪೇನಿನ ಕಡಲ ಬದಿಯಲ್ಲಿ ಎರಡು ಕೋಣೆಯ ಮನೆ, ವರ್ಷಪೂರ್ತಿ ಬಿಸಿಲು, ಅಕ್ಕಪಕ್ಕದಲ್ಲಿ ಎಲ್ಲ ನಮ್ಮೂರಿನವರೇ. (ಪರದೇಶದವರು ಇಲ್ಲಿ ಬಂದು ತಳವೂರಿದರೆ ಅದು ಆಕ್ರಮಣ. ನಾವು ಅಲ್ಲಿ ಹೋಗಿ ತಳವೂರಿದರೆ ಅದು ನಿವೃತ್ತ ಜೀವನ.) ಅಲ್ಲಿಗೆಂದೇ ಅಗಲ ಅಂಚಿನ ಹುಲ್ಲಿನ ಟೋಪಿಯೊಂದನ್ನು ಕೊಂಡಿಟ್ಟಿದ್ದೆ.

“ನಾವು ಹೊರಗೆ ಹೋದ್ಮೇಲೆ ಸ್ಪೇನಿನವ್ರು ನಿನ್ನ ಒಳಗೆ ಬಿಟ್ಕೊಳ್ತಾರಾ?” ಎಂದಳು ಮ್ಯೂರಿಯಲ್. ಅವಳದು ‘ಒಳಗೇ ಇರೋಣ’ ಪಕ್ಷ.

“ನನ್ನ ಯಾರೇ ತಡೀತಾರೆ? ನಾನು ಇಂಗ್ಲೆಂಡಿನವನು ಕಣೇ!”

“ಅದಕ್ಕೇ ತಡೀತಾರೆ, ಮಾರಾಯ.”

ಆ ಮಾತು ಮೀನಿನ ಮುಳ್ಳಿನಂತೆ ಗಂಟಲಲ್ಲಿ ಸಿಕ್ಕಿಕೊಂಡಿತು. ಮಂಗಳವಾರ ಮಹಡಿ ಮೆಟ್ಟಿಲ ಕೆಳಗೆ ಕೂತು, ಸ್ಪೇನಿನ ಮನೆ ದಲ್ಲಾಳಿಗೆ ಫೋನು ಮಾಡಿ ಪಿಸುದನಿಯಲ್ಲಿ ವಿಚಾರಿಸಿದೆ. ಹೊರಗೆ ಹೋದರೆ ಅರ್ಜಿಯಂತೆ, ಪರವಾನಗಿಯಂತೆ, ವರಮಾನದ ಪುರಾವೆಯಂತೆ! ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲವಂತೆ. ಅಂದೇ ತೀರ್ಮಾನಿಸಿದೆ: ಅಧ್ಯಕ್ಷರು ಭಾಷಣದಲ್ಲಿ ಹೊರಗೆ, ಮತಪತ್ರದಲ್ಲಿ ಒಳಗೆ.

ಬುಧವಾರ ಚಹಾ ಬಗ್ಗಿಸುತ್ತ ಮ್ಯೂರಿಯಲ್ಲೇ ಸಂಧಾನದ ಮಾತೆತ್ತಿದಳು. “ನಿಂದು ಹೊರಗೆ, ನಂದು ಒಳಗೆ. ಎರಡೂ ಸೇರಿದ್ರೆ ಸೊನ್ನೆ. ಆ ಸೊನ್ನೆಗೋಸ್ಕರ ಯಾಕೆ ಕಾಲು ಸವೆಸೋದು? ಇಬ್ರೂ ಹೋಗೋದು ಬೇಡ ಬಿಡು.”

ಸಂಸತ್ತಿನಲ್ಲಿ ಎದುರುಬದುರು ಪಕ್ಷದ ಸದಸ್ಯರು ಹೀಗೆ ಜೋಡಿ ಮಾಡಿಕೊಂಡು ಗೈರಾಗುವುದುಂಟು. ನಾವೂ ಚಹಾದ ಕೆಟಲಿನ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದೆವು.

ಗುರುವಾರ ಬೆಳಗ್ಗೆ ನಾಯಿಯನ್ನು ತಿರುಗಾಡಿಸುವ ನೆಪದಲ್ಲಿ ಹೊರಟೆ. ಚರ್ಚಿನ ಸಭಾಂಗಣದ ಬಾಗಿಲಲ್ಲಿ ಆಗಲೇ ನಾಲ್ಕು ನಾಯಿಗಳು ಕಟ್ಟಿಸಿಕೊಂಡು ಕೂತಿದ್ದವು; ಬೇರೆ ಗಂಡಂದಿರೂ ಇದೇ ಉಪಾಯ ಹೂಡಿದ್ದರೋ ಏನೋ. ಮತಗಟ್ಟೆಯವಳು ಪಟ್ಟಿಯ ಮೇಲೆ ಅಡಿಕೋಲಿಟ್ಟು ನನ್ನ ಹೆಸರಿಗೆ ಗೀಟು ಎಳೆದಳು. ನೋಡುತ್ತೇನೆ, ಸರಿಯಾಗಿ ಅದರ ಮೇಲಿನ ಸಾಲಿನಲ್ಲಿ ‘ಮ್ಯೂರಿಯಲ್ ಪಿಕರ್ಸ್‌ಗಿಲ್’ ಎಂಬ ಹೆಸರಿಗೆ ಆಗಲೇ ಗೀಟು ಬಿದ್ದಿದೆ!

ಮೋಸಗಾತಿ! ಆಣೆ ಮಾಡಿದ ಕೈಯಲ್ಲೇ ಓಟು! ಆದರೂ ಒಳಗೊಳಗೇ ಹಿಗ್ಗಿದೆ. ಒಂದೇ ಮನೆಯಿಂದ ಸ್ಪೇನಿಗೆ ಎರಡು ಓಟು ಬಿದ್ದಂತಾಯಿತಲ್ಲ. ನನ್ನದೇ ಪೆನ್ನು ತೆಗೆದು ‘ಒಳಗೇ ಇರೋಣ’ ಎಂಬುದರ ಮುಂದೆ ಯಾರಪ್ಪ ಬಂದರೂ ಅಳಿಸಲಾಗದಂತೆ ಗುರುತು ಹಾಕಿ ಬಂದೆ.

ಶುಕ್ರವಾರ ಬೆಳಗ್ಗೆ ಟಿವಿ ಹಾಕಿದರೆ, ಹೊರಗೆ! ನನ್ನ ಸ್ಪೇನಿನ ಮನೆ ಕಡಲುಪಾಲಾಯಿತು. ಮ್ಯೂರಿಯಲ್ ಮಾತ್ರ ಗುನುಗುತ್ತ ಬೇಕನ್ ಹುರಿಯುತ್ತಿದ್ದಳು.

“ಬೇಜಾರು ಮಾಡ್ಕೋಬೇಡ ಕಣೇ,” ಎಂದೆ, ಗೆದ್ದವನ ಔದಾರ್ಯದಿಂದ.

“ನಂಗ್ಯಾಕೆ ಬೇಜಾರು? ನಾನು ಹಾಕಿದ್ದೂ ಹೊರಗೆ ಅಂತಾನೇ.”

“ಏನು! ನಿಂದು ಒಳಗೆ ಅಲ್ವಾ?”

“ಇತ್ತು, ಮಂಗಳವಾರದ ತನಕ. ಮೆಟ್ಟಿಲ ಕೆಳಗೆ ನೀನು ಪಿಸಪಿಸ ಅಂದಿದ್ದೆಲ್ಲ ಕೇಳಿಸ್ತು. ನಿನ್ನ ಓಟು ಎಲ್ಲಿ ಒಳಗೆ ಜಾರತ್ತೋ ಅಂತಾನೇ ಬುಧವಾರ ಆ ಸೊನ್ನೆ ಲೆಕ್ಕ ಹೇಳಿದ್ದು. ಹೊರಗೆ ಹೋದ್ರೆ ಸ್ಪೇನಿನ ಬಾಗಿಲು ಮುಚ್ಕೊಳ್ಳತ್ತೆ ಅಂದ್ರೆ ಮುಚ್ಕೊಳ್ಳಲಿ. ಮೂಲೆಮನೇಲಿ ನಮ್ಮಕ್ಕ ಕಾಲುನೋವಿಂದ ನಡೆಯೋಕಾಗದೆ ಕೂತಿದಾಳೆ, ಅವಳನ್ನ ಬಿಟ್ಟು ಎಲ್ಲಿಗೂ ಬರಲ್ಲ ಅಂತ ಐದು ವರ್ಷದಿಂದ ಹೇಳ್ತಿದೀನಿ. ಒಂದು ದಿನ ಕಿವಿಗೆ ಹಾಕ್ಕೊಂಡಿದೀಯಾ? ಅದಕ್ಕೇ ನಿನ್ನನ್ನ ಬಿಟ್ಟು ಸರ್ಕಾರಕ್ಕೇ ಹೇಳ್ದೆ. ಡ್ರಾಯರಲ್ಲಿದ್ದ ನಿನ್ನ ಪೆನ್ನಿಂದಾನೇ!”

ನಾನು ಹಾಕಿದ್ದು ಒಳಗೆ ಎಂದರೆ ಊರಲ್ಲಿ ಮುಖ ಎತ್ತುವಂತಿಲ್ಲ. ಅಷ್ಟರಲ್ಲಿ ಕ್ಲಬ್ಬಿನ ವಿಲ್ಫ್ ಹತ್ತು ಜನರನ್ನು ಕಟ್ಟಿಕೊಂಡು ಬಾವುಟ ಬೀಸುತ್ತ ಬಾಗಿಲಿಗೆ ಬಂದ. “ಅಧ್ಯಕ್ಷರೇ! ನಿಮ್ಮ ಪೆನ್ನಿಲ್ದಿದ್ರೆ ಏನಾಗ್ತಿತ್ತೋ! ಸ್ವಾತಂತ್ರ್ಯದ ಬಗ್ಗೆ ನಾಲ್ಕು ಮಾತಾಡಿ!”

ಆಡಿದೆ. ಸ್ವಾತಂತ್ರ್ಯದ ಬಗ್ಗೆ ಆಡುವಾಗ ಕಣ್ಣಲ್ಲಿ ನೀರು ಬಂತು. ದೇಶಭಕ್ತಿ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಕಣ್ಣೊರೆಸಿಕೊಂಡು ಕಿಟಕಿಯಾಚೆ ನೋಡಿದರೆ, ಹಿತ್ತಲಿನ ಬಟಾಣಿ ಪಾತಿಯ ನಡುವೆ ಬೆದರುಬೊಂಬೆ ನನ್ನ ಹುಲ್ಲಿನ ಟೋಪಿ ಹಾಕಿಕೊಂಡು ನಿಂತಿದೆ. ಗುರುವಾರ ಓಟು ಹಾಕಿ ಬಂದವಳೇ ತೊಡಿಸಿದಳಂತೆ, ಫಲಿತಾಂಶಕ್ಕೂ ಕಾಯದೆ.